ಕಥೆಯಾಕೆಯ ಸೋದರಮಾವ

ಅಮೆರಿಕದ ಆ ಕಾದಂಬರಿಕಾರ್ತಿಯ ಬಗ್ಗೆ ಈಗ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಎಲ್ಲಿ ಹುಟ್ಟಿದಳು, ಎಲ್ಲಿ ಓದಿದಳು, ಯಾವ ಕಾಲೇಜಿನಲ್ಲಿ ಪಾಠ ಹೇಳಿದಳು, ಗಂಡನಿಂದ ಯಾವಾಗ ಬೇರೆಯಾದಳು, ಎಲ್ಲ. ಆ ಉದ್ದನೆಯ ಬರಹದ ನಡುವೆ ಒಂದು ಸಾಲಿದೆ: ತೊಂಬತ್ತರ ದಶಕದ ಕೊನೆಯಲ್ಲಿ ಕೆಲವು ತಿಂಗಳು ಭಾರತದಲ್ಲಿದ್ದು ಮೊದಲ ಕಾದಂಬರಿಯನ್ನು ಮುಗಿಸಿದಳು. ಅಲ್ಲಿ ಭಾರತ ಎಂದಿರುವುದು ಸಾಣಾಪುರದ ನಮ್ಮ ಅಜ್ಜಿಯ ಮನೆಯ ಮಾಳಿಗೆಯ ಮೇಲಿನ ಕೋಣೆಗೆ. ಮುಗಿಸಿದಳು ಎಂಬ ಮಾತನ್ನು ನಮ್ಮ ಅಜ್ಜಿ ಬದುಕಿರುವತನಕ ಒಪ್ಪಲಿಲ್ಲ.

ಅದು ೧೯೯೭. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾದ ವರ್ಷ. ವಿಳಾಸ ಬರೆಯುವಾಗ ಎಲ್ಲರ ಕೈಯೂ ತಪ್ಪುತ್ತಿತ್ತು. ನಾನು ಗಂಗಾವತಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಅಪ್ಪ ಅವ್ವ ನವಲಿಯಲ್ಲಿ ಗದ್ದೆ ನೋಡಿಕೊಂಡಿದ್ದರು. ಕಾಲೇಜಿಗೆ ಅನುಕೂಲವೆಂದು ನನ್ನನ್ನು ಅವ್ವನ ತವರಿನಲ್ಲಿಟ್ಟಿದ್ದರು. ಆ ಮನೆಯಲ್ಲಿದ್ದವರು ನಾವು ಆಯಿ ಎಂದು ಕರೆಯುವ ಅಜ್ಜಿ, ಅವಳ ಒಬ್ಬನೇ ಮಗನಾದ ನನ್ನ ಸೋದರಮಾವ, ಅವನ ಹೆಂಡತಿ. ಮಾವ ಲಾರಿ ಡ್ರೈವರ್. ಗಂಗಾವತಿಯ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಕೇರಳದ ಕಡೆ ಹೋದರೆ ಯಾವತ್ತು ಬರುತ್ತಾನೆಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಫೋನಿರಲಿಲ್ಲ. ಅಜ್ಜಿಯ ಕಿವಿ ಸದಾ ರಸ್ತೆಯ ಕಡೆ. ಹಾರ್ನು ಕೇಳಿದರೆ ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಬೇರೆ ಯಾವುದೋ ಗಾಡಿ ಎಂದು ಗೊತ್ತಾದರೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಮುಂದುವರಿಸುತ್ತಿದ್ದಳು.

ಮಾವ ಬಂದಾಗ ಮಾತ್ರ ಏನೂ ವಿಚಾರಿಸುತ್ತಿರಲಿಲ್ಲ. ಯಾಕೆ ತಡ, ಎಲ್ಲಿದ್ದಿ, ಒಂದೂ ಇಲ್ಲ. ಕಾಲಿಗೆ ನೀರು ಕೊಟ್ಟು "ಉಂಡ್ಯಾ?" ಎನ್ನುತ್ತಿದ್ದಳು. ಅವನು ದಾರಿಯ ಧಾಬಾದಲ್ಲಿ ಗಂಟಲಮಟ ತಿಂದು ಬಂದಿದ್ದರೂ "ಇನ್ನಾ ಇಲ್ಲವ್ವ" ಎನ್ನುತ್ತಿದ್ದ. ಆಮೇಲೆ ಕೂತು ಎರಡು ರೊಟ್ಟಿ ಕಷ್ಟಪಟ್ಟು ತಿನ್ನುತ್ತಿದ್ದ.

ಆಕೆ ಬಂದದ್ದು ದೀಪಾವಳಿಯ ಹೊತ್ತಿಗೆ. ನದಿಯಾಚೆ ಹಂಪಿಯಲ್ಲಿ ತನ್ನ ದೇಶದವರದೇ ಗದ್ದಲವೆಂದು ಹರಿಗೋಲಿನಲ್ಲಿ ಈಚೆ ದಾಟಿ, ಕೆರೆ ನೋಡಲು ಬಂದವಳು ನಮ್ಮ ಮಾಳಿಗೆಯ ಕಿಟಕಿ ನೋಡಿ ನಿಂತುಬಿಟ್ಟಳು. ಬಾಡಿಗೆಗೆ ಕೊಡುವಿರಾ ಎಂದು ನನ್ನನ್ನು ಕೇಳಿದಳು. ಆಗ ನಮ್ಮೂರಲ್ಲಿ ಈಗಿನಂತೆ ಹೆಜ್ಜೆಗೊಂದು ಬೋರ್ಡು ಇರಲಿಲ್ಲ; ಯಾರಾದರೂ ಬಂದು ಮನೆಯಲ್ಲಿರುತ್ತೇನೆ ಎಂದರೆ ಯಾವ ಕಡೆಯ ಬೀಗರು ಎಂದು ಕೇಳುತ್ತಿದ್ದ ಕಾಲ. ಅಜ್ಜಿ ಅನುಮಾನಿಸಿದಳು. ಲಾರಿಗೆ ಹೊರಟು ನಿಂತಿದ್ದ ಮಾವನೇ ತೀರ್ಮಾನ ಹೇಳಿದ್ದು: "ಇರ್ಲಿ ಬಿಡವ್ವ. ನಾನಂತೂ ಮನ್ಯಾಗ ಇರಂಗಿಲ್ಲ, ಒಂದು ತಲಿ ಜಾಸ್ತಿ ಆದ್ರ ನಿಮಗ ಧೈರ್ಯ."

ಆಕೆಗೆ ಮೂವತ್ತು ದಾಟಿತ್ತು. ಎತ್ತರದ ಆಳು, ತಲೆಬಾಗಿಲಿಗೆ ದಿನಕ್ಕೊಂದು ಸಲ ಹಣೆ ಬಡಿಸಿಕೊಳ್ಳುತ್ತಿದ್ದಳು. ನಾಲ್ಕಾರು ಸಣ್ಣ ಕಥೆಗಳು ಪತ್ರಿಕೆಗಳಲ್ಲಿ ಬಂದಿದ್ದವು. ಒಂದು ಕಾದಂಬರಿಯನ್ನು ಮೂರು ಸಲ ಶುರು ಮಾಡಿ ಮೂರು ಸಲ ಕೈಬಿಟ್ಟಿದ್ದಳಂತೆ. ಈ ಸಲವೂ ಆಗದಿದ್ದರೆ ಬರೆದದ್ದೆಲ್ಲ ಒಲೆಗೆ ಹಾಕಿ ಬೇರೆ ಉದ್ಯೋಗ ನೋಡಿಕೊಳ್ಳುವುದು, ಇನ್ನೆಂದೂ ತನ್ನನ್ನು ಲೇಖಕಿ ಎಂದು ಕರೆದುಕೊಳ್ಳುವುದಿಲ್ಲ ಎಂದು ಬಂದ ವಾರದಲ್ಲೇ ನನಗೆ ಹೇಳಿದಳು. ಬಸ್ಸಿನ ಟೈಮು ಹೇಳುವ ಧಾಟಿಯಲ್ಲಿ ಹೇಳಿದ್ದರಿಂದ ನಾನೂ ಅಷ್ಟೇ ಸಲೀಸಾಗಿ ತಲೆಯಾಡಿಸಿದೆ. ಅದರ ಭಾರ ನನಗೆ ಆಗ ತಿಳಿಯಲಿಲ್ಲ.

ಬೆಳಗಿನ ಚಹಾ ಕುಡಿದು ಮಾಳಿಗೆ ಹತ್ತಿದರೆ ಸಂಜೆಯತನಕ ಇಳಿಯುತ್ತಿರಲಿಲ್ಲ. ಕಾಲೇಜಿಲ್ಲದ ದಿನ ನನ್ನನ್ನು ಕರೆದು ಬರೆದದ್ದನ್ನು ಓದಿ ಹೇಳುತ್ತಿದ್ದಳು. ನನ್ನ ಇಂಗ್ಲಿಷಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಿಳಿದವಳಂತೆ ಮುಖ ಮಾಡುತ್ತಿದ್ದೆ. ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಅಜ್ಜಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ನನ್ನನ್ನು ಕೇಳಿದಳು.

"ಹಗಲೆಲ್ಲ ಏನ್ ಬರಿತಾಳ ಬೇ ಆಕಿ? ಪರೀಕ್ಷಾಕ್ಕ ಕುಂದ್ರಾಕೇನು?"

"ಇಲ್ಲ ಆಯಿ. ಕತಿ ಬರಿತಾಳ."

ಅಜ್ಜಿ ಮೊರ ಕೆಳಗಿಟ್ಟಳು. "ಕತಿ? ಹಗಲೊತ್ತು? ನನ್ನ ಮನ್ಯಾಗ ಕುಂತು?"

ಹಗಲು ಹೊತ್ತು ಕಥೆ ಹೇಳಿದರೆ, ಕೇಳಿದರೆ, ಸೋದರಮಾವ ದಾರಿ ತಪ್ಪುತ್ತಾನೆ ಎನ್ನುವುದು ನಮ್ಮ ಕಡೆಯ ಮಾತು. ಕಥೆಯೇನಿದ್ದರೂ ದೀಪ ಹಚ್ಚಿದ ಮೇಲೆ. ಕೆಲಸದ ಹೊತ್ತಿನಲ್ಲಿ ಕಾಡುವ ಮಕ್ಕಳ ಬಾಯಿ ಮುಚ್ಚಿಸಲು ಯಾರೋ ಜಾಣ ಮುದುಕಿ ಹುಟ್ಟಿಸಿದ್ದಿರಬೇಕು. ಬೇರೆ ಮನೆಗಳಲ್ಲಿ ನಕ್ಕು ಬಿಡುತ್ತಾರೆ. ಮಗ ಲಾರಿ ಓಡಿಸುವ ಮನೆಯಲ್ಲಿ ಆ ಮಾತಿಗೆ ತೂಕ ಬೇರೆ. ಅದರಲ್ಲೂ ಆ ವಾರ ಮಾವ ಬರಬೇಕಾದ ದಿನ ದಾಟಿ ಹೋಗಿತ್ತು, ಸುದ್ದಿಯಿಲ್ಲ.

ಮೊಣಕಾಲು ನೋವೆಂದು ಮಾಳಿಗೆಯ ಮುಖ ನೋಡದ ಅಜ್ಜಿ ಅವತ್ತು ಮೆಟ್ಟಿಲು ಹತ್ತಿದಳು. ದುಭಾಷಿಯಾಗಿ ನಾನು ಹಿಂದೆ.

"ಹೇಳಾಕಿ ಆಕಿ, ಕೇಳಾಕಿ ನೀನು," ಎಂದು ಮೊದಲು ನನ್ನನ್ನೇ ಹಿಡಿದಳು. "ನಿನ್ನ ಸ್ವಾದರಮಾವ ಯಾರು? ನನ್ನ ಮಗ. ಅಂವ ಎಲ್ಲಿ ಅದಾನ ಅಂತ ನಿನಗ ಗೊತ್ತೈತೇನು? ಆಕಿಗಿ ಕೇಳು, ಆಕಿಗೂ ಸ್ವಾದರಮಾವ ಅದಾನಿಲ್ಲೋ?"

ನಾನು ನಾಚಿಕೆಯಿಂದಲೇ ಇಂಗ್ಲಿಷಿಗೆ ತಿರುಗಿಸಿದೆ. ಆಕೆ ಪೆನ್ನು ಮುಚ್ಚಿದಳು. ಇದ್ದ, ಎಂದಳು. ಅವಳ ತಾಯಿಗೆ ಒಬ್ಬನೇ ತಮ್ಮ. ಇವರ ಜೊತೆಗೇ ಹೊಲದ ಮನೆಯಲ್ಲಿದ್ದ. ಇವಳು ಸಣ್ಣವಳಿದ್ದಾಗ ಒಂದು ದಿನ ಮಧ್ಯಾಹ್ನ ಉಂಡು, ಕೆಟ್ಟುಹೋದ ಟ್ರ್ಯಾಕ್ಟರಿಗೆ ಏನೋ ಸಾಮಾನು ತರುತ್ತೇನೆಂದು ಪೇಟೆಗೆ ಹೋದ. ಅವನ ಗಾಡಿ ಬಸ್ ನಿಲ್ದಾಣದ ಮುಂದೆ ಸಿಕ್ಕಿತು. ಅವನು ಸಿಗಲಿಲ್ಲ. ಹುಡುಕಿದರು, ಪೊಲೀಸರಿಗೆ ಹೇಳಿದರು, ಯಾವ ಸುಳಿವೂ ಇಲ್ಲ. ತಾನು ಮೂರು ಸಲ ಬರೆದು ಬಿಟ್ಟ ಕಾದಂಬರಿ ಅವನ ಕಥೆಯೇ ಎಂದಳು.

ಅಜ್ಜಿ ಹೊಸ್ತಿಲ ಮೇಲೆ ಕೂತಳು. "ಅಂವ ಹೋದಾಗ ಆ ಮನ್ಯಾಗ ಹಗಲೊತ್ತು ಯಾರರ ಕತಿ ಹೇಳ್ತಿದ್ರೇನು, ಕೇಳು."

ಇದನ್ನು ಕೇಳಲು ನನಗೆ ಮನಸ್ಸಿರಲಿಲ್ಲ. ಕೇಳಿದೆ. ಆಕೆ ನಕ್ಕಳು. ಬೇಸಿಗೆಯಲ್ಲಿ ಅಮ್ಮ ದಿನಾ ಮಧ್ಯಾಹ್ನ ಊಟವಾದ ಮೇಲೆ ಕಥೆ ಪುಸ್ತಕ ಓದಿ ಹೇಳುತ್ತಿದ್ದಳು, ಎಂದಳು. ನಗು ಅಲ್ಲಿಗೇ ನಿಂತಿತು. ಆ ದಿನವೂ ಓದಿದ್ದಳು, ಎಂದಳು.

ಅಜ್ಜಿ ಗೆದ್ದವಳ ಮುಖ ಮಾಡಲಿಲ್ಲ. "ಪಾಪ, ಎಳೀ ಕೂಸು, ನಿನಗೇನು ಗೊತ್ತಿತ್ತು ತಂಗಿ," ಎಂದಳು. ಆಮೇಲೆ ಕಾನೂನು ಹೇಳಿದಳು. ಹಗಲು ಪೆನ್ನು ಮುಟ್ಟುವಂತಿಲ್ಲ. ಮನಸ್ಸಿನಲ್ಲಿ ಏನು ಬೇಕಾದರೂ ಅಂದುಕೊಳ್ಳಲಿ, ಬಾಯಿಗೂ ಕೈಗೂ ಬರಬಾರದು. ದೀಪ ಹಚ್ಚಿದ ಮೇಲೆ ಬೆಳಗಾಗುವತನಕ ಬರೆದರೂ ತಕರಾರಿಲ್ಲ. ಮರುದಿನ ಬೆಳಿಗ್ಗೆ ಮಾವನ ಲಾರಿ ಬಂತು. ಘಟ್ಟದಲ್ಲಿ ಆಕ್ಸೆಲ್ ಮುರಿದಿತ್ತಂತೆ. ಇನ್ನು ಅಜ್ಜಿಯ ಮುಂದೆ ಯಾರ ತರ್ಕವೂ ನಡೆಯುವಂತಿರಲಿಲ್ಲ. ಆಕೆ ಕೋಣೆ ಬಿಟ್ಟು ಹೋಗುತ್ತಾಳೆಂದು ನಾನೆಣಿಸಿದ್ದೆ, ಹೋಗಲಿಲ್ಲ. ಹಗಲಲ್ಲಿ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ, ಆದ್ದರಿಂದ ನಷ್ಟವೇನಿಲ್ಲ ಎಂದಳು.

ಅಲ್ಲಿಂದ ಹೊಸ ಪದ್ಧತಿ ಶುರುವಾಯಿತು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆಕೆ ಹಿಂದಿನ ರಾತ್ರಿಯ ಹಾಳೆಗಳನ್ನು ಹಿಡಿದು ಕೆಳಗೆ ಬರುತ್ತಿದ್ದಳು. ಆಕೆ ಓದುವುದು, ನಾನು ಕನ್ನಡದಲ್ಲಿ ಹೇಳುವುದು, ಅಜ್ಜಿ ಕಟ್ಟೆಯ ಮೇಲೆ ಕೂತು ಹ್ಞೂಂ ಎನ್ನುವುದು. ಕಥೆಗೆ ಹ್ಞೂಂ ಅನ್ನುವವರು ಬೇಕೇ ಬೇಕು. ಹ್ಞೂಂ ಬರದಿದ್ದರೆ ಹೇಳುವವರು ನಿಲ್ಲಿಸಿಬಿಡಬೇಕು; ಗೋಡೆಗೆ ಕಥೆ ಹೇಳಬಾರದು. ಆಕೆಗೆ ಇದು ಎಷ್ಟು ಹಿಡಿಸಿತೆಂದರೆ ನನ್ನ ಕನ್ನಡ ಮುಗಿಯುವ ಮುಂಚೆಯೇ ಅಜ್ಜಿಯ ಮುಖ ನೋಡುತ್ತಿದ್ದಳು. ಒಂದೆರಡು ಸಲ ಅಜ್ಜಿ ತಂಬಾಕು ಉಗುಳಲು ಎದ್ದು ಹೋದದ್ದರಿಂದ ಹ್ಞೂಂ ತಪ್ಪಿತು. ಆ ಪುಟಗಳಲ್ಲಿ ಏನೋ ಸತ್ವವಿಲ್ಲವೆಂದು ಆಕೆ ಎರಡನ್ನೂ ಹರಿದು ಹಾಕಿದಳು.

ನನ್ನ ಭಾಷಾಂತರವೂ ಘನವಾಗಿಯೇ ಇತ್ತು. ಹಿಮಕ್ಕೆ ಏನೆನ್ನಬೇಕೆಂದು ತೋಚದೆ ಆಲಿಕಲ್ಲು ಎಂದೆ. "ನಾಕು ತಿಂಗಳು ಆಲಿಕಲ್ಲೇನು? ಬೆಳಿ ಗತಿ?" ಎಂದು ಅಜ್ಜಿ ಗಾಬರಿಯಾದಳು. ಅವರ ಹೊಲದಲ್ಲಿ ಗೋವಿನಜೋಳ, ನೆರೆಮನೆ ಎರಡು ಮೈಲಿ ದೂರ. "ಹಂಗಿದ್ರ ಮನಿ ಬಿಟ್ಟು ಹೋಗದ ಏನ್ ಮಾಡ್ತಾನವ್ವ, ಮಾತಾಡ್ಸವ್ರ ಇಲ್ಲಂದ್ರ?" ಎಂದಳು. ಅದನ್ನೂ ಆಕೆಗೆ ತಿರುಗಿಸಿ ಹೇಳಿದೆ. ಆ ರಾತ್ರಿ ಬರೆದ ಅಧ್ಯಾಯದಲ್ಲಿ ಸೋದರಮಾವ ಕುದುರೆಯ ಜೊತೆ ಮಾತಾಡುತ್ತಿದ್ದ.

ಬೇಸಿಗೆ ಶುರುವಾಗುವ ಹೊತ್ತಿಗೆ ಕೊನೆಯ ಅಧ್ಯಾಯ ಬಂತು. ಸೋದರಮಾವ ಯಾವುದೋ ಗುರುತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ. ಮನೆಯ ಕಡೆ ಹೋಗುವ ಬಸ್ಸು ಬರುತ್ತದೆ, ಹೋಗುತ್ತದೆ. ಅವನು ಕೂತೇ ಇದ್ದಾನೆ. ನಾನು ಹೇಳಿ ನಿಲ್ಲಿಸಿದೆ.

"ಆಮ್ಯಾಲೆ?" ಎಂದಳು ಅಜ್ಜಿ.

"ಅಷ್ಟ ಆಯಿ. ಮುಗೀತು."

"ಮುಗೀತು ಅಂದ್ರ? ಮನಿಗೆ ಬರ್ಲಿಲ್ಲೇನು ಅಂವ?"

ಬರಲಿಲ್ಲ, ಅದೇ ನಿಜ, ಬಂದನೆಂದು ಬರೆದರೆ ಸುಳ್ಳಾಗುತ್ತದೆ ಎಂದಳು ಆಕೆ.

"ಕುದರಿ ಜೋಡಿ ಮಾತಾಡಿದ್ದು ನೀ ಕಂಡಿದ್ದ್ಯೇನು? ಅದು ಸುಳ್ಳಲ್ಲೇನು? ಇಷ್ಟೊಂದು ಸುಳ್ಳು ಹೇಳ್ದಾಕಿಗಿ ಇನ್ನೊಂದು ಭಾರಾತೇನು?"

ಉಳಿದದ್ದೆಲ್ಲ ಕಟ್ಟಿದ್ದು ಎಂಬ ಕಾರಣಕ್ಕೇ ಇದೊಂದನ್ನು ಕಟ್ಟಬಾರದು ಎಂದಳು ಆಕೆ. ದನಿ ಏರಿತ್ತು. ಅಮ್ಮ ಇವತ್ತಿಗೂ ಕಿಟಕಿಯಲ್ಲಿ ನಿಲ್ಲುತ್ತಾಳೆ, ಪುಸ್ತಕದಲ್ಲಿ ಅವನನ್ನು ಮನೆಗೆ ಕರೆತಂದರೆ ಅಮ್ಮನ ಮುಖ ಹೇಗೆ ನೋಡಲಿ ಎಂದಳು. ನಾನು ಇದನ್ನೂ ಹೇಳಿದೆ. ಅಜ್ಜಿ ಕೇಳಿಸಿಕೊಂಡಳು, ಅವಳ ಕಣ್ಣೂ ತುಂಬಿತ್ತು. ಆದರೆ ಪಟ್ಟು ಬಿಡಲಿಲ್ಲ.

"ನನ್ನ ಮನ್ಯಾಗ ಹೇಳಿದ ಕತಿ ಇದು. ನನ್ನ ಮಗ ದಾರ್‍ಯಾಗ ಅದಾನ. ಮಾವನ್ನ ಅಲ್ಲೆ ಬೆಂಚಿನ ಮ್ಯಾಲೆ ಕುಂದ್ರಿಸಿ ಹೊಂಟ್ರ ಹೆಂಗ? ನಾ ಹ್ಞೂಂ ಅನ್ನಾಕಿಲ್ಲ."

ಅನ್ನಲಿಲ್ಲ. ಆಕೆ ಹೊರಡುವ ದಿನ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು, ತಲೆ ಸವರಿದಳು, ಹಣೆ ಬಾಗಿಲಿಗೆ ಬಡಿಯದಂತೆ ಕೈ ಅಡ್ಡ ಹಿಡಿದಳು. ಹ್ಞೂಂ ಮಾತ್ರ ಕೊಡಲಿಲ್ಲ. ಆಕೆಯೂ ಮೊಂಡಿ, ಒಂದು ಸಾಲನ್ನೂ ಬದಲಿಸಲಿಲ್ಲ.

ಆಕೆ ಹೋದ ಮೇಲೆ ಅಜ್ಜಿಗೆ ಹೊಸ ಚಿಂತೆ: ಅಲ್ಲಿ ಹೋಗಿ ಮತ್ತೆ ಹಗಲು ಬರೆಯಲು ಶುರು ಮಾಡಿದರೆ? ಅಲ್ಲಿ ಹಗಲಾದಾಗ ಇಲ್ಲಿ ಕತ್ತಲೆ ಎಂದು ಲಿಂಬೆಹಣ್ಣು ತಿರುಗಿಸಿ ತೋರಿಸಿದೆ. "ಹಂಗಾದ್ರ ಬರಕೊಳ್ಳಲಿ ಬಿಡು," ಎಂದು ನಿರಾಳವಾದಳು.

ಪುಸ್ತಕ ಬಂದದ್ದು ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಸೇರಿದ ವರ್ಷ. ಕೆಂಪು ಮಣ್ಣಿನ ಆ ಊರಿಗೆ ಸಾಣಾಪುರದಿಂದ ಸುತ್ತಿ ಬಂದ ಪಾರ್ಸೆಲ್ಲಿನ ಮೇಲೆ ರಾಯಚೂರು ಜಿಲ್ಲೆ ಎಂದೇ ಇತ್ತು. ಹಿಂಬದಿಯ ಫೋಟೋದಲ್ಲಿ ಆಕೆ ಗಂಭೀರವಾಗಿ ಎಲ್ಲಿಗೋ ನೋಡುತ್ತಿದ್ದಳು. ರಜೆಗೆ ಹೋದಾಗ ಅಜ್ಜಿಗೆ ತೋರಿಸಿದೆ. "ಸೊರಗ್ಯಾಳ," ಎಂದಳು. ಆಮೇಲೆ ಕೇಳಿದಳು: "ಬಂದನೇನು?"

"ಇಲ್ಲ ಆಯಿ."

ಅಜ್ಜಿ ಪುಸ್ತಕವನ್ನು ನನ್ನ ಕೈಗೆ ವಾಪಸು ಕೊಟ್ಟಳು.

ಆ ಪುಸ್ತಕದಿಂದ ಆಕೆಗೆ ಹೆಸರು ಬಂತು. ನಿಜ ಹೇಳಬೇಕೆಂದರೆ ಒಳ್ಳೆಯ ಪುಸ್ತಕ. ಆಮೇಲೆ ಎರಡನೆಯದು ಬಂತು, ಆಗ ನಾನು ಮದುವೆಯಾಗಿ ಕುಷ್ಟಗಿಯಲ್ಲಿದ್ದೆ. ಅದು ದೊಡ್ಡ ಶಹರದ ಒಬ್ಬ ನರ್ಸಿನ ಕಥೆ. ಸೋದರಮಾವನಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡು ಓದುತ್ತಿದ್ದರೆ, ನಡುವೆ ಒಬ್ಬ ರೋಗಿ ಆಸ್ಪತ್ರೆಯಿಂದ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಮೂರನೆಯದರಲ್ಲಿ ಹಡಗಿನ ಅಡುಗೆಯವನು. ಊರು ಬೇರೆ, ಹೆಸರು ಬೇರೆ, ಹೋಗುವವನು ಅವನೇ. ಪ್ರತಿ ಸಲವೂ ಅಜ್ಜಿಯ ಪ್ರಶ್ನೆ ಒಂದೇ. ಕಥೆ ಯಾರದು, ಪ್ರಶಸ್ತಿ ಯಾವುದು ಎಂಬುದೆಲ್ಲ ಅವಳಿಗೆ ಬೇಕಿರಲಿಲ್ಲ. "ಬಂದನೇನು?" ಇಲ್ಲ ಎಂದರೆ ಒಂದು ಉಸಿರು ಬಿಟ್ಟು ಮಾವ ಈಗ ಎಲ್ಲಿರಬಹುದೆಂದು ವಿಚಾರಿಸುತ್ತಿದ್ದಳು. ಅಷ್ಟು ಹೊತ್ತಿಗೆ ಅವನ ಜೇಬಿಗೆ ಮೊಬೈಲು ಬಂದಿತ್ತು, ಹೊಡೆದರೆ ಮಾತಾಡುತ್ತಿದ್ದ. ಆದರೂ ಅವನು ತಡ ಮಾಡಿದರೆ ಬೆಂಚಿನ ಮೇಲೆ ಕೂತವನಿಗೇ ಬೈಗುಳ.

ಕೊಪ್ಪಳಕ್ಕೆ ವರ್ಗವಾದ ಮೇಲೆ ನಾನು ಸೈಬರ್ ಕೆಫೆಗೆ ಹೋಗಿ ಆಕೆಯ ಬಗ್ಗೆ ಬಂದದ್ದನ್ನು ಓದುವ ಅಭ್ಯಾಸ ಮಾಡಿಕೊಂಡೆ. ವಿಮರ್ಶಕರು ದೊಡ್ಡ ದೊಡ್ಡ ಮಾತಾಡುತ್ತಿದ್ದರು. ಮರಳಿ ಬರದ ಗಂಡಸು ಆಕೆಯ ದೇಶದ ಆತ್ಮದ ಸಂಕೇತ ಎಂದು ಒಬ್ಬ ಬರೆದಿದ್ದ. ಸಂಕೇತವಂತೆ! ಒಂದು ಸಂದರ್ಶನದಲ್ಲಿ, ನೀವು ಕತ್ತಲಾದ ಮೇಲೆ ಮಾತ್ರ ಯಾಕೆ ಬರೆಯುತ್ತೀರಿ ಎಂದು ಕೇಳಿದ್ದರು. ಬೆಳಕು, ಏಕಾಂತ, ಮೌನ ಎಂದೆಲ್ಲ ಹೇಳಿದ್ದಳು. ನನಗೆ ಸಿಟ್ಟು ಬಂತು. ಸಾಣಾಪುರದ ಒಬ್ಬ ಮುದುಕಿ ಹೇಳಿದಳು ಎಂದು ಒಂದು ಮಾತು ಸೇರಿಸಿದ್ದರೆ ಗಂಟು ಹೋಗುತ್ತಿತ್ತೇ? ಆಮೇಲೆ ನಗು ಬಂತು. ಅಜ್ಜಿಯ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿ ಆಕೆ ಅಲ್ಲಿ ರಾತ್ರಿ ಬರೆಯುತ್ತಿದ್ದಾಗ ಇಲ್ಲಿ ನಮಗೆ ನಟ್ಟ ಹಗಲು. ಲಿಂಬೆಹಣ್ಣಿನ ಲೆಕ್ಕವೆಲ್ಲ ತಲೆಕೆಳಗು. ಇದನ್ನು ಅಜ್ಜಿಗೆ ಯಾರೂ ಹೇಳಲಿಲ್ಲ.

ನಾಲ್ಕನೆಯ ಪುಸ್ತಕ ಬಿದ್ದುಹೋಯಿತು. ಅದೇ ಕಥೆಯನ್ನು ಎಷ್ಟು ಸಲ ಹೇಳುತ್ತಾಳೆ ಎಂದು ಹೊಗಳಿದವರೇ ಬರೆದರು. ಆಮೇಲೆ ಬಹಳ ವರ್ಷ ಏನೂ ಬರಲಿಲ್ಲ. ಆ ನಡುವೆ ಒಮ್ಮೆ ಆಕೆ ಸಾಣಾಪುರಕ್ಕೆ ಬಂದಳು. ತಾಯಿ ತೀರಿಕೊಂಡಿದ್ದಳು, ಗಂಡ ಬೇರೆಯಾಗಿದ್ದ, ತಲೆ ಪೂರಾ ಬೆಳ್ಳಗಾಗಿತ್ತು. ಊರೂ ಬದಲಾಗಿತ್ತು, ಕೆರೆಯ ದಾರಿಯುದ್ದಕ್ಕೂ ಬಾಡಿಗೆ ಸ್ಕೂಟರು, ರೆಸಾರ್ಟು, ಇಂಗ್ಲಿಷಿನ ಮೆನು. ಅಷ್ಟಿದ್ದರೂ ನಮ್ಮ ಮಾಳಿಗೆಯ ಕೋಣೆಗೇ ಬಂದಳು, ಬಂದವಳೇ ತಲೆಬಾಗಿಲಿಗೆ ಹಣೆ ಬಡಿಸಿಕೊಂಡಳು.

ಅಜ್ಜಿಗೆ ಆಗ ಕಣ್ಣು ಮಂಜು, ನೆನಪು ಚೂಪು. "ನಿನ್ನ ಮಾವಂದು ಏನರ ಸುದ್ದಿ ಬಂತೇನ ತಂಗಿ?"

ಇಲ್ಲ ಎಂದಳು ಆಕೆ. ಬರೆಯುತ್ತಿಲ್ಲ ಎಂದೂ ಹೇಳಿದಳು. ಹೊಸದೇನು ಶುರು ಮಾಡಿದರೂ ಅವನು ಎದ್ದು ಬಾಗಿಲ ಕಡೆ ನಡೆಯುತ್ತಾನೆ, ತನಗೆ ಸಾಕಾಗಿದೆ ಎಂದಳು. ಮುಂಚೆ ಬಸ್ಸಿನ ಟೈಮಿನ ಹಾಗೆ ಹೇಳಿದ ಮಾತೇ, ಈ ಸಲ ಒಂದೊಂದೇ ಶಬ್ದ ಹೆಕ್ಕಿ ಹೇಳಿದಳು. ನನಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಮಾವ ಮನೆಯಲ್ಲಿದ್ದ. ಹಿಂದಿನ ಸಲ ಅವನನ್ನು ಸರಿಯಾಗಿ ನೋಡಿಯೂ ಇರದ ಆಕೆ ಈಗ ಅವನ ಮುಂದೆ ಕೂತು ಒಂದು ಪ್ರಶ್ನೆ ಕೇಳಿದಳು: ದೂರದಿಂದ ಮನೆಗೆ ಬರುವುದು ಹೇಗಿರುತ್ತದೆ?

ಮಾವ ನನ್ನ ಮುಖ ನೋಡಿದ. "ಇದೇನು ಕೇಳ್ತಾರ ಇವ್ರು? ಏನೈತಿ ಅದರಾಗ? ಗಾಡಿ ನಿಲ್ಲಸ್ತೀನಿ, ಇಳಿತೀನಿ. ಅವ್ವ ಉಂಡ್ಯಾ ಅಂತಾಳ. ಇಲ್ಲ ಅಂತೀನಿ. ಮುಗೀತಲ್ಲ."

"ಉಂಡು ಬಂದಿರ್ತಾನ, ಕಳ್ಳ," ಎಂದಳು ಅಜ್ಜಿ ಕಟ್ಟೆಯ ಮೇಲಿಂದ. "ನನಗ ಗೊತ್ತಿಲ್ಲೇನು?"

ಇಷ್ಟು ವರ್ಷ ಗೊತ್ತಿದ್ದೂ ಬಡಿಸಿದ್ದಳೆಂದು ಮಾವನಿಗೆ ತಿಳಿದದ್ದು ಆವಾಗಲೇ. ಇಬ್ಬರ ಮಾತನ್ನೂ ನಾನು ತಿರುಗಿಸಿ ಹೇಳಿದೆ. ಆಕೆ ಬರೆದುಕೊಳ್ಳಲಿಲ್ಲ. ಮಧ್ಯಾಹ್ನವಾಗಿತ್ತು, ಪೆನ್ನು ಮುಟ್ಟುವ ಹೊತ್ತಲ್ಲ.

ಆಕೆ ವಾಪಸು ಹೋದ ಮೇಲೆ ಮೂರ್ನಾಲ್ಕು ಮಳೆಗಾಲ ಕಳೆದವು. ಅಜ್ಜಿ ಹೋದಳು. ಅವತ್ತು ಮಾವ ಮನೆಯಲ್ಲೇ ಇದ್ದ, ಅವನ ಕೈ ಅವಳ ಕೈಯಲ್ಲಿತ್ತು. ಅಷ್ಟರಮಟ್ಟಿಗೆ ಅವಳು ಪುಣ್ಯವಂತೆ. ಆಕೆಗೆ ಫೋನಿನಲ್ಲಿ ಸುದ್ದಿ ತಿಳಿಸಿದೆ. ಒಂದು ಹ್ಞೂಂ ಬಾಕಿ ಉಳಿಸಿಕೊಂಡೇ ಹೋದಳಲ್ಲ, ಎಂದಳು. ಹ್ಞೂಂ ಎನ್ನುವ ಸದ್ದನ್ನು ಮಾತ್ರ ನಮ್ಮ ಹಾಗೆಯೇ, ಮೂಗಿನಲ್ಲೇ ಹೇಳಿದಳು.

ಐದನೆಯ ಪುಸ್ತಕ ಬಂದಾಗ ನನ್ನ ಕೂದಲೂ ನೆರೆತಿತ್ತು. ಈಗಲೂ ಪಾರ್ಸೆಲ್ಲಿನ ಮೇಲೆ ರಾಯಚೂರು ಜಿಲ್ಲೆ. ಕೊಪ್ಪಳದ ಮನೆಯಲ್ಲಿ ಕೂತು ಓದಿ ಮುಗಿಸಿದೆ, ಆಮೇಲೆ ರಜೆ ಹಾಕಿ ಸಾಣಾಪುರಕ್ಕೆ ಹೋದೆ. ಮಾವ ಸ್ಟೀರಿಂಗ್ ಬಿಟ್ಟು ವರ್ಷಗಳಾಗಿದ್ದವು, ಅಜ್ಜಿಯ ಕಟ್ಟೆ ಈಗ ಅವನದು. ಒಳಗೆ ಅತ್ತೆ ದೀಪ ಹಚ್ಚಿ ಬಂದ ಮೇಲೆ ನಾನು ಶುರು ಮಾಡಿದೆ. ಅವನು ಅಭ್ಯಾಸವಿಲ್ಲದವನು, ಮೊದಮೊದಲು ಹ್ಞೂಂ ಅನ್ನಲು ಸಂಕೋಚಪಟ್ಟ. ಎರಡನೆಯ ಸಂಜೆಗೆ ಸಲೀಸಾಯಿತು.

ಕಥೆ ಮತ್ತೆ ಆ ಹೊಲದ ಮನೆಯದೇ. ಹೋದವನು ಈಗ ಮುದುಕ. ಎಲ್ಲಿದ್ದ, ಏನು ಮಾಡಿದ, ಪುಸ್ತಕ ಹೇಳುವುದಿಲ್ಲ. ಬಸ್ಸಿನಿಂದ ಇಳಿಯುತ್ತಾನೆ, ಹಿಮದಲ್ಲಿ ನಡೆಯುತ್ತಾನೆ. ಈ ಸಲ ನಾನು ಆಲಿಕಲ್ಲು ಎನ್ನದೆ ಹಿಮ ಎಂದೇ ಹೇಳಿದೆ. ಬಾಗಿಲು ತೆಗೆದೇ ಇದೆ. ಅಕ್ಕ ಒಲೆಯ ಮುಂದೆ ನಿಂತಿದ್ದಾಳೆ, ತಿರುಗಿ ನೋಡುತ್ತಾಳೆ. ಎಲ್ಲಿದ್ದಿ ಎನ್ನುವುದಿಲ್ಲ. ಅವರ ದೇಶದಲ್ಲಿ ಯಾರೂ ಹಾಗೆ ಕೇಳುವುದಿಲ್ಲವೇನೋ, ಆದರೆ ಅವಳು ಕೇಳುತ್ತಾಳೆ: ಉಂಡ್ಯಾ? ಅವನು ಇನ್ನೂ ಇಲ್ಲ ಎನ್ನುತ್ತಾನೆ.

ಅಲ್ಲಿಗೆ ನಾನು ಪುಸ್ತಕವನ್ನು ಮಡಿಲ ಮೇಲೆ ಮಗುಚಿಟ್ಟೆ. ಹೇಳಲು ಇನ್ನು ಒಂದೇ ಸಾಲಿತ್ತು. ರಸ್ತೆಯಲ್ಲಿ ಯಾವುದೋ ಲಾರಿ ಹಾರ್ನು ಹೊಡೆದುಕೊಂಡು ಹೋಯಿತು. ಮಾವ ಅದು ದೂರವಾಗುವತನಕ ಕಾದ.

"ಅಂದ್ರ ಬಂದನಲ್ಲ?"

"ಬಂದ ಮಾವ."

"ಉಂಡನೇನು?"

"ಉಣ್ಣಾಕ ಕುಂತ."

ಮಾವ ಟವೆಲಿನಿಂದ ಮುಖ ಒರೆಸಿಕೊಂಡ. ಕಟ್ಟೆಯ ಮೇಲೆ ಅಜ್ಜಿ ಕೂರುತ್ತಿದ್ದ ಜಾಗ ಬಿಟ್ಟು ಸ್ವಲ್ಪ ಸರಿದು ಕೂತ.

"ಹ್ಞೂಂ," ಎಂದ.